‘ಸೂಪರ್’ ಅಂದರೆ ಸಾಲದು, ಮೂರು ಸಾಲು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ನೀವು ಓದುಗರು ತೆಗೆದ ಫೋಟೊ ಹಾಕುತ್ತೀರಿ. ಪೇಪರ್ ಬಂದ ಕೂಡಲೇ ನಾನು ಮೊದಲು ಬಿಡಿಸುವುದು ಆ ಪುಟವನ್ನೇ. ಅದರ ಬಗ್ಗೆ ಒಂದು ಕೋರಿಕೆ ಇದೆ. ಫೋಟೊದ ಅಡಿಯಲ್ಲಿ ತೆಗೆದವರ ಹೆಸರು, ಊರು ಮಾತ್ರ ಇರುತ್ತದೆ. ಅದರಲ್ಲಿ ಏನು ಚೆನ್ನಾಗಿದೆ, ಇನ್ನೇನು ಮಾಡಬಹುದಿತ್ತು ಅಂತ ಗೊತ್ತಿದ್ದವರಿಂದ ಮೂರು ಸಾಲು ಬರೆಸಿ ಹಾಕಿ. ಮುಖದ ಫೋಟೊ ಆದರೆ ಖಂಡಿತ ಹಾಕಿ.

ಕಳೆದ ತಿಂಗಳು ನಮ್ಮ ಕಡೆ ಒಂದು ಫೋಟೊ ಸ್ಪರ್ಧೆ ನಡೆಯಿತು. ನೆರೆಮನೆಯ ಹುಡುಗಿ, ಪ್ಲಸ್ ಟು ಓದುತ್ತಿದ್ದಾಳೆ, ತನ್ನ ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವ ಫೋಟೊ ಕೊಟ್ಟಿದ್ದಳು. ತೀರ್ಪುಗಾರರು ನೋಡಿ ‘ಇನ್ನೂ ಅಭ್ಯಾಸ ಬೇಕು’ ಅಂದರು. ಅಷ್ಟೇ. ಯಾವುದರ ಅಭ್ಯಾಸ ಅಂತ ಅವಳು ಮನೆಗೆ ಬಂದು ನನ್ನನ್ನು ಕೇಳಿದಳು. ಅದೇ ಫೋಟೊಗೆ ವಾಟ್ಸಾಪ್‌ನಲ್ಲಿ ನೆಂಟರೆಲ್ಲ ‘ಸೂಪರ್’ ಅಂದಿದ್ದರಂತೆ. ಎರಡು ಮಾತಿನಿಂದಲೂ ನಾಳೆ ಕ್ಯಾಮೆರಾ ಹಿಡಿದಾಗ ಏನು ಮಾಡಬೇಕು ಅಂತ ಆ ಮಗುವಿಗೆ ಗೊತ್ತಾಗುವುದಿಲ್ಲ, ಅಲ್ವಾ?

ಬದಿಯಡ್ಕದಲ್ಲಿ 26 ವರ್ಷ ಸ್ಟುಡಿಯೋ ನಡೆಸಿದವನು ನಾನು. ಫೋಟೊವನ್ನು ಕೈಗೆ ತೆಗೆದುಕೊಂಡು ಮೊದಲು ಅವಳನ್ನೇ ಕೇಳಿದೆ: ‘ನಿನಗೆ ಇದರಲ್ಲಿ ಏನು ತೋರಿಸಬೇಕಿತ್ತು?’ ‘ಅಜ್ಜಿ ಕೆಲಸ ಮಾಡುತ್ತಾ ತಲೆ ಎತ್ತಿ ನನ್ನನ್ನು ನೋಡಿದ್ದು’ ಅಂದಳು. ಆ ಉತ್ತರ ಸಿಕ್ಕಿದ ಮೇಲೆ ಹೇಳುವುದು ಸುಲಭವಾಯಿತು. ಆ ನೋಟ ಸಿಕ್ಕಿದೆ, ಒಳ್ಳೆಯ ಕ್ಷಣಕ್ಕೆ ಒತ್ತಿದ್ದೀ ಅಂದೆ. ಬಾಯಿಮಾತಿಗಲ್ಲ, ನಿಜಕ್ಕೂ ಸಿಕ್ಕಿತ್ತು. ಆದರೆ ಫೋಕಸ್ ಕೂತದ್ದು ಮೂಗುತಿಯ ಮೇಲೆ. ಮೂಗುತಿಯ ಕಲ್ಲು ಹೊಳೆಯುತ್ತಿದೆ, ಕಣ್ಣು ಮಸುಕು. ಮಾವನ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನ ಬಾಯಿ; ಸಂಖ್ಯೆ ಚಿಕ್ಕದಾದಷ್ಟು ಬಾಯಿ ದೊಡ್ಡದು, ಚೂಪಾಗಿ ಬರುವ ಜಾಗ ಕಡಿಮೆ) 1.8 ಇಟ್ಟು, ಒಂದು ಮೀಟರ್ ಹತ್ತಿರದಿಂದ ತೆಗೆದಿದ್ದಾಳೆ. ಹಾಗೆ ತೆಗೆದರೆ ಚೂಪಾಗಿ ಬರುವುದು ಹಿಂದೆ ಮುಂದೆ ಸೇರಿ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ. ಫೋಕಸನ್ನು ಹತ್ತಿರದ ಕಣ್ಣಿಗೆ ಇಡು, ಅಪರ್ಚರ್ 4ಕ್ಕೆ ತಾ ಅಂದೆ. ಇನ್ನೊಂದು, ಅಂಗಳದ ಬೆಳಕು ಅಜ್ಜಿಯ ಬೆನ್ನಿಗೆ ಬೀಳುತ್ತಿತ್ತು. ಅಜ್ಜಿ ಅಂಗಳದ ಕಡೆ ಸ್ವಲ್ಪ ತಿರುಗಿ ಕೂತರೆ ಸಾಕು, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಬರುತ್ತದೆ, ಆ ಚುಕ್ಕೆ ಬಂದರೆ ಮುಖಕ್ಕೆ ಜೀವ ಬರುತ್ತದೆ. ಹಿಂದೆ ನೀಲಿ ಟಾರ್ಪಾಲ್ ಕೂಡ ಇತ್ತು. ಅದನ್ನು ಆ ದಿನ ಹೇಳಲಿಲ್ಲ. ಒಂದೇ ಸಲ ಎಂಟು ತಪ್ಪು ಹೇಳಿದರೆ ಯಾರಿಗೂ ತಲೆಯಲ್ಲಿ ನಿಲ್ಲುವುದಿಲ್ಲ.

ಮಾರನೇ ವಾರ ಮತ್ತೆ ತೆಗೆದು ತಂದಳು. ಕಣ್ಣಿನ ಸುತ್ತಲಿನ ಒಂದೊಂದು ನೆರಿಗೆಯೂ ಕಾಣುತ್ತಿತ್ತು. ಟಾರ್ಪಾಲನ್ನು ಅವಳೇ ಮಡಚಿ ಇಟ್ಟಿದ್ದಳು!

ಮೊಬೈಲ್‌ನಲ್ಲಿ ತೆಗೆಯುವವರೇ ಈಗ ಜಾಸ್ತಿ. ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಅಡಗುತ್ತದೆ. ಅದು ದೂರದ ತಪ್ಪು, ಮುಖದ್ದಲ್ಲ. ‘ಮುಖ ಸರಿ ಬಂದಿಲ್ಲ’ ಅನ್ನುವ ಬದಲು ‘ಎರಡು ಹೆಜ್ಜೆ ಹಿಂದೆ ಹೋಗಿ ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ’ ಅಂದರೆ ಕೂಡಲೇ ಮಾಡಿ ನೋಡಬಹುದು. ನಮ್ಮ ಹುಡುಗರು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಫೋಟೊ ತುಂಬಾ ತೆಗೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ ಚಿಟ್ಟಿ (ಮುಖಕ್ಕೆ ಇಡುವ ಉಬ್ಬು ಚುಕ್ಕೆ) ಇರುವ ಮುಖ ಫ್ರೇಮ್ ತುಂಬ ಬಂದರೆ ಕ್ಯಾಮೆರಾ ಆ ಬಿಳಿಯನ್ನು ಬೂದು ಮಾಡಿಬಿಡುತ್ತದೆ. ಅದನ್ನು ನೋಡಿ ‘ಡಲ್ ಆಗಿದೆ’ ಅಂತ ಸುಮ್ನೆ ಹೇಳಿ ಹೋಗುವವರೇ ಎಲ್ಲ. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸು, ಅಂದರೆ ಎರಡು ಪಟ್ಟು ಬೆಳಕು ಬಿಡು ಅಂತ ಹೇಳುವವರು ಬೇಕು.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಬೇಸರವಿದೆ. ಫೋಟೊ ನೋಡಿ ‘ಕಪ್ಪು ಬಂದಿದ್ದಾರೆ, ಸ್ವಲ್ಪ ಬಿಳಿ ಮಾಡಬಹುದಿತ್ತು’ ಅನ್ನುತ್ತಾರೆ. ಮೊದಲು ನಾವು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಕಲೆ, ನೆರಿಗೆ ಅಳಿಸುತ್ತಿದ್ದೆವು, ಈಗ ಆ್ಯಪ್ ಒಂದೇ ಸಲಕ್ಕೆ ಚರ್ಮವನ್ನೇ ಒರೆಸಿ ಹಾಕುತ್ತದೆ. ಬಿಸಿಲಿನಲ್ಲಿ ತೋಟದ ಕೆಲಸ ಮಾಡಿದವರ ಮುಖ ಅದು, ಅದರ ಬಣ್ಣ ಹಾಗೇ ಇರಬೇಕು. ಬೆಳಕು ಕಡಿಮೆಯಾಗಿದ್ದರೆ ಬೆಳಕಿನ ಬಗ್ಗೆ ಹೇಳಿ. ಫೋಟೊದಲ್ಲಿರುವವರ ಬಣ್ಣ, ಹಲ್ಲು, ದಪ್ಪ ಇವುಗಳ ಬಗ್ಗೆ ಮಾತು ಬೇಡವೇ ಬೇಡ. ನೀವು ಬರೆಸುವ ಮೂರು ಸಾಲಿನಲ್ಲೂ ಇದನ್ನು ದಯವಿಟ್ಟು ಗಮನಿಸಿ.

ಆ ಹುಡುಗಿ ಹೊಸ ಫೋಟೊವನ್ನು ಈ ವಾರ ನಿಮಗೆ ಕಳಿಸುತ್ತಾಳೆ. ಹಾಕುವುದಾದರೆ ಮೂರು ಸಾಲಿನ ಜೊತೆ ಹಾಕಿ. ಜಾಗ ಇಲ್ಲದಿದ್ದರೆ ಆ ಮೂರು ಸಾಲನ್ನಾದರೂ ಅವಳಿಗೆ ಬರೆದು ಕಳಿಸಿ.

– ಹಳೆಯ ಸ್ಟುಡಿಯೋದವ, ಬದಿಯಡ್ಕ, ಕಾಸರಗೋಡು