ಹೆಳವರು ಓದದ ಸಾಲು: ಗೆಳೆಯನಿಗೊಂದು ಪತ್ರ

ಧಾರವಾಡ

ದೋಸ್ತ,

ಡಾಕ್ಟರು "ಮನ್ಯಾಗ ಯಾರಿಗರ ಶುಗರ್, ಹಾರ್ಟಿನ ತ್ರಾಸ ಇತ್ತೇನ್ರಿ?" ಅಂತ ಕೇಳಿದ್ರ "ಯಾರಿಗೂ ಇಲ್ರಿ" ಅಂದು ಬಂದೆ ಅಂತ ಬರದೀ. ಅದ ಪತ್ರದ ಕೆಳಗ, ನಿಮ್ಮ ಅಜ್ಜ ಹೊಲದಾಗ "ಎದಿ ಒಡದು" ಹೋದ್ರು ಅಂತನೂ ಬರದೀ. ಡಾಕ್ಟರು ಕೇಳಿದ್ದು ಅದನ್ನ ಮಾರಾಯಾ!

ಹೆಳವರು ಎತ್ತು ಹೊಡಕೊಂಡು ಬಂದು ನಿಮ್ಮ ಮನೆತನದ ತಲಿ ತಲಿ ಹೆಸರು ಓದತಾರ. ಯಾರು ಯಾವ ವಯಸ್ಸಿಗೆ, ಯಾವ ಬ್ಯಾನಿಲೆ ಹೋದ್ರು ಅನ್ನೂ ಸಾಲು ಮಾತ್ರ ನೀನ ಬರ್ಕೋಬೇಕು.

ಒಂದು ದೊಡ್ಡ ಹಾಳಿ ತೊಗೊ, ಮನೆತನದ ಬ್ಯಾನಿಗಳ ನಕ್ಷಿ ತಗಿ. ಗಂಡಸರಿಗೆ ಚೌಕ, ಹೆಣ್ಮಕ್ಕಳಿಗೆ ದುಂಡು, ತೀರಿಕೊಂಡವರ ಮ್ಯಾಲೆ ಒಂದು ಓರೆಗೆರಿ. ಮೂರು ತಲಿ ಸಾಕು: ನೀನು ಮತ್ತ ಒಡಹುಟ್ಟಿದವರು, ಅವ್ವ, ಅಪ್ಪ, ಕಾಕಾ, ಅತ್ತಿ, ಸೋದರಮಾವ, ಚಿಗವ್ವ, ಎರಡೂ ಕಡೆ ಅಜ್ಜ, ಅಜ್ಜಿ. ಅವ್ವನ ತವರಮನಿ ಬಿಡಬ್ಯಾಡ. ಹಂಗ, ಸ್ತನದ ಕ್ಯಾನ್ಸರ್ ಅಂದ್ರ ಅವ್ವನ ಕಡೆ ಅಷ್ಟ ಅಂತಲೂ ತಿಳೀಬ್ಯಾಡ. ಅಪ್ಪನ ಅಕ್ಕಗ ಬಂದಿದ್ರ, ಆ ಬ್ಯಾನಿ ತರೂ ಜೀನು (ವಂಶದಾಗ ಇಳಿಯೂ ಗುಣದ ತುಣುಕು) ಅಪ್ಪನ ಮೂಲಕನೂ ನಿನ್ನ ತಂಗಿಗೆ ಇಳೀಬಹುದು.

ಬ್ಯಾನಿ ಹೆಸರು ಕೇಳಿದ್ರ ಹಿರ್ಯಾರಿಗೆ ಗೊತ್ತಿರೂದಿಲ್ಲ. ಕಂಡದ್ದನ್ನ ಕೇಳು. "ರಾತ್ರಿ ನಾಕೈದು ಸಲ ಉಚ್ಚಿಗೆ ಏಳತಿದ್ರೇನು? ಕಾಲಿನ ಗಾಯ ಮಾಯದ ಬೆರಳು ತಗಸಿದ್ರೇನು?" ಹೌದಂದ್ರ ಸಕ್ಕರಿ ಬ್ಯಾನಿ ಸಂಶಯ. "ಬಾಯಿ ಸೊಟ್ಟಾಗಿ ಒಂದು ಕಡೆ ಕೈಕಾಲು ಬಿದ್ದಿದ್ವೇನು?" ಅದು ಲಕ್ವಾ, ಹಿಂದ ಬಿ.ಪಿ. ಇದ್ದಿರಬಹುದು. ಆಪರೇಷನ್ನಿನ್ಯಾಗ ಅರವಳಿಕೆ ಕೊಟ್ಟ ಮ್ಯಾಲೆ ಯಾರಿಗರ ಉಸಿರು ಬರೂದು ತಡಾ ಆಗಿತ್ತೇನು, ಅದನ್ನೂ ಕೇಳು.

ಬ್ಯಾನಿ ಶುರುವಾದ ವಯಸ್ಸು ಭಾಳ ಮುಖ್ಯ. ಅಪ್ಪ, ಅಣ್ಣತಮ್ಮರಿಗೆ 55ರ ಒಳಗ, ಅವ್ವ, ಅಕ್ಕತಂಗಿಯರಿಗೆ 65ರ ಒಳಗ ಹಾರ್ಟಿನ ಬ್ಯಾನಿ ಬಂದಿದ್ರ ಡಾಕ್ಟರು ನಿನ್ನ ಕೊಲೆಸ್ಟ್ರಾಲ್ ಬ್ಯಾರೆ ಕಣ್ಣಿಲೆ ನೋಡತಾರ. 80ಕ್ಕ ಬಂದಿದ್ರ ಅಷ್ಟು ತೂಕ ಇಲ್ಲ. ಅಪ್ಪಗ 45ಕ್ಕ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ರ, ಮಕ್ಕಳ ತಪಾಸಣಿ 10 ವರ್ಷ ಮೊದಲ, 35ಕ್ಕ ಶುರು. ವಯಸ್ಸು ನೆನಪಿಲ್ಲಂದ್ರ ಗುರುತು ಹಿಡಿ: 72ರ ಬರಗಾಲಕ್ಕ ಇದ್ರೇನು? ಗೋಕಾಕ ಚಳವಳಿ ಟೈಮಿಗೆ? ಇಂದಿರಾ ಗಾಂಧಿ ಹೋದಾಗ? 1972, 1982, 1984, ಲೆಕ್ಕ ತಾನ ಕೂಡತದ.

ಸೋದರಮಾವಗ ಕೊಟ್ಟ ಮದುವಿ ನಮ್ಮ ಕಡೆ ಹೊಸಾದಲ್ಲ. ಅಂಥ ಜೋಡಿ ನಡುವ ಎರಡು ಗೆರಿ ಎಳಿ. ಯಾವುದರ ಒಂದು ಜೀನಿನ ಎರಡೂ ಪ್ರತಿ (ಅವ್ವನ ಕಡೆದೊಂದು, ಅಪ್ಪನ ಕಡೆದೊಂದು) ಒಬ್ಬರ ಹಿರ್ಯಾರ ಮೂಲದಿಂದ ಕೂಸಿಗೆ ಬರೂ ಸಂಭವ ಸೋದರಮಾವನ ಮದುವ್ಯಾಗ 8ಕ್ಕ 1, ಅತ್ತಿಮಗಳು ಮಾವನಮಗನ ಮದುವ್ಯಾಗ 16ಕ್ಕ 1. ಎರಡೂ ಪ್ರತಿ ಕೆಟ್ಟಿದ್ರ ಕೆಲವು ಬ್ಯಾನಿ ಬರತಾವ. ಥಲಸೇಮಿಯಾ (ಮೈಯಾಗ ರಕ್ತ ಸರಿಯಾಗಿ ಆಗದ ಬ್ಯಾನಿ) ಹಿಂಗ ಬರತೈತಿ: ತಂದಿ ತಾಯಿ ಗಟ್ಟಿಮುಟ್ಟ ಇರತಾರ, ಆದ್ರ ಇಬ್ಬರೂ ವಾಹಕರಿದ್ರ, ಅಂದ್ರ ಒಂದೊಂದು ಕೆಟ್ಟ ಪ್ರತಿ ಹೊತ್ತವರಿದ್ರ, ಪ್ರತಿ ಕೂಸಿಗೂ 4ಕ್ಕ 1 ಸಂಭವ. ಹುಟ್ಟಿ ಹೋದ ಕೂಸು, ಕಿವಿ ಕೇಳದ ಕೂಸು, ಎಲ್ಲಾನೂ ಹಾಳ್ಯಾಗ ಬರಬೇಕು.

ಮುಚ್ಚಿಡೂ ಮಾತು ಇದ್ದ ಇರತಾವ. "ಬಾವ್ಯಾಗ ಕಾಲು ಜಾರಿ ಬಿದ್ಲು", "ಗಾಳಿ ಸೋಂಕಿತ್ತು" ಅಂತ ಹೇಳಿದ್ರ ಒತ್ತಾಯ ಮಾಡಬ್ಯಾಡ. ಬ್ಯಾರೆಯವರನ್ನ, ಒಬ್ಬರ ಇದ್ದಾಗ, ಮೆಲ್ಲಕ ಕೇಳು. ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆದ ಕಾಕಾನ ಹೆಸರಿನ ಮುಂದ ಗುಟ್ಕಾ ಅಂತನೂ ಬರಿ. ಚಟಾನ ವಂಶದ ತಲಿಗೆ ಕಟ್ಟೂದು ಸರಿಯಲ್ಲ.

ಹಾಳಿ ಫೋಟೋ ತಗದು ತಂಗಿಗೂ ಕಳಸು. ನಾಳೆ ರಾತ್ರಿ ಊಟಾದ ಮ್ಯಾಲೆ, ಧಾರಾವಾಹಿ ಹಚ್ಚೂಕಿಂತ ಮೊದಲ, ಗದಗಿನ ನಿಮ್ಮ ಅತ್ತಿಗೆ ಫೋನ್ ಹಚ್ಚು. ಅಜ್ಜಗ ಆವಾಗ ಎಷ್ಟು ವಯಸ್ಸಾಗಿತ್ತು ಅಂತ ಅದನ್ನ ಮೊದಲ ಕೇಳು.

ನಿನ್ನ ದೋಸ್ತ