ಟೇಲರ್ ಸಾಹೇಬನನ್ನು ಎಲ್ಲಿಂದ ಓದಬೇಕು

ಲಿವರ್‌ಪೂಲ್

ಪೂಜ್ಯ ಕಾಕಾ ಅವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ.

ಸುರಪುರದ ಹುಡುಗರಿಗೆ, ಹಿಂದೆ ಅಲ್ಲಿ ಅಧಿಕಾರಿಯಾಗಿದ್ದ ಇಂಗ್ಲಿಷ್ ಲೇಖಕ ಮೆಡೋಸ್ ಟೇಲರನ ಪುಸ್ತಕ ಓದಿಸಬೇಕು, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದಿರಿ. ‘ಕನ್‌ಫೆಷನ್ಸ್ ಆಫ್ ಎ ಥಗ್’ ಮೊದಲಿಗೆ ಬೇಡ. ಎಲ್ಲರೂ ಅಲ್ಲೇ ಶುರು ಮಾಡಿ ಅಲ್ಲೇ ನಿಲ್ಲಿಸುತ್ತಾರೆ. 1839ರಲ್ಲಿ ಅದು ಬಂದಾಗ ಟೇಲರನ ಹೆಸರು ಇಂಗ್ಲೆಂಡಿನಲ್ಲೆಲ್ಲ ಓಡಾಡಿತು. ವಿಕ್ಟೋರಿಯಾ ರಾಣಿ ಕರಡು ಹಾಳೆಗಳನ್ನೇ ತರಿಸಿಕೊಂಡಳು. ಆದರೆ ಥಗ್ಗರ, ಅಂದರೆ ದಾರಿಹೋಕರನ್ನು ಕೊಂದು ದೋಚುತ್ತಿದ್ದರು ಎನ್ನುವ ಗುಂಪುಗಳ, ಬಗ್ಗೆ ಕಂಪನಿ ಸರ್ಕಾರ ಹೇಳಿದ್ದರಲ್ಲಿ ಎಷ್ಟು ನಿಜ ಎಂದು ಇತಿಹಾಸಕಾರರು ಈಗ ತಕರಾರು ಎತ್ತಿದ್ದಾರೆ. ಹುಡುಗರು ಕಾದಂಬರಿಯನ್ನೇ ಚರಿತ್ರೆ ಎಂದು ನಂಬಿಬಿಟ್ಟಾರು.

ಮೊದಲು ಆತ್ಮಕಥೆ ಹಿಡಿಯಿರಿ, ‘ಸ್ಟೋರಿ ಆಫ್ ಮೈ ಲೈಫ್’. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಅಚ್ಚು ಹಾಕಿಸಿದ್ದು. 1808ರಲ್ಲಿ ಇದೇ ಲಿವರ್‌ಪೂಲಿನಲ್ಲಿ ಹುಟ್ಟಿದ್ದು, 15ನೇ ವಯಸ್ಸಿಗೆ ಮುಂಬಯಿಗೆ ಹಡಗು ಹತ್ತಿದ್ದು, ನಿಜಾಮನ ಸೈನ್ಯ ಸೇರಿದ್ದು, ಇವನ್ನೆಲ್ಲ ಬೇಗ ದಾಟಿಸಿ. 1841ರಿಂದ 1853ರವರೆಗಿನ ಸುರಪುರದ ಭಾಗವನ್ನು ಮಾತ್ರ ನಿಧಾನವಾಗಿ, ಸಾಧ್ಯವಾದರೆ ಅವನ ಬಂಗಲೆ ಟೇಲರ್ ಮಂಜಿಲಿನ ಹತ್ತಿರವೇ ಕೂತು ಓದಿಸಿ. ರಾಣಿ ಈಶ್ವರಮ್ಮನ ಜೊತೆಗಿನ ಜಟಾಪಟಿ, ಟೇಲರನನ್ನು ‘ಅಪ್ಪಾ’ ಎನ್ನುತ್ತಿದ್ದ ಅವಳ ಮಗ, ಬಾಲಕ ರಾಜ ವೆಂಕಟಪ್ಪ ನಾಯಕ, ಎಲ್ಲ ಅಲ್ಲಿದೆ. ಅವನ ಬರವಣಿಗೆಯಲ್ಲಿ ಜೀವ ಇರುವುದು ಅಲ್ಲೇ, ಯಾವ ಕಾದಂಬರಿಯಲ್ಲೂ ಅಷ್ಟಿಲ್ಲ.

ಒಂದು ಕಡೆ ಹುಷಾರು. 1858ರ ಬಂಡಾಯದ ನಂತರ ಇದೇ ರಾಜ ವೆಂಕಟಪ್ಪನ ಶಿಕ್ಷೆ 4 ವರ್ಷದ ಸೆರೆಗೆ ಇಳಿದಿತ್ತು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಒಯ್ಯುವಾಗ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಸತ್ತ. ಟೇಲರ್ ಅಲ್ಲಿರಲಿಲ್ಲ, ಅಧಿಕಾರಿಗಳಿಂದ ಕೇಳಿ ಬರೆದದ್ದು. ಊರ ಹಿರಿಯರು ಹೇಳುವುದನ್ನೂ ಹುಡುಗರು ಬರೆದುಕೊಳ್ಳಲಿ.

ಆಮೇಲೆ ‘ತಾರಾ’ (1863). ಅದರ ಕಥೆ 1657ರದು: ವಿಜಾಪುರ, ತುಳಜಾಪುರ, ಅಫ್ಜಲ್ ಖಾನ್, ಶಿವಾಜಿ. ನಂತರದ ‘ರಾಲ್ಫ್ ಡಾರ್ನೆಲ್’ 1757ರದು, ‘ಸೀತಾ’ 1857ರದು. ನೂರು ನೂರು ವರ್ಷಕ್ಕೆ ಒಂದೊಂದು! ಮೂರೂ ಮೂರು ಮೂರು ಸಂಪುಟ. ಅಂಥ ಕಾದಂಬರಿಯ ಬೆಲೆ ಆಗ 31 ಶಿಲಿಂಗ್ 6 ಪೆನ್ಸ್, ಕೊಳ್ಳುವವರು ಕಡಿಮೆ, ಬಾಡಿಗೆ ಗ್ರಂಥಾಲಯಗಳೇ ಗತಿ. ಸಂಪುಟ ತುಂಬಿಸಲು ಕಥೆ ಎಳೆಯುತ್ತಿದ್ದರು, ಟೇಲರನದೂ ಎಳೆಯುತ್ತದೆ. 1894ರಲ್ಲಿ ಗ್ರಂಥಾಲಯಗಳು ಈ ಪದ್ಧತಿಗೆ ಬೆನ್ನು ತಿರುಗಿಸಿದವು. ಅಷ್ಟರಲ್ಲಿ ಭಾರತದ ಕಥೆಗಳಿಗೆ ಹೆಸರಾದ ಕಿಪ್ಲಿಂಗ್ ಬಂದಿದ್ದ, ಇಂಗ್ಲಿಷ್ ಅಧಿಕಾರಿಯನ್ನು ಮದುವೆಯಾಗುವ ಹಿಂದೂ ವಿಧವೆಯ ಕಥೆ ‘ಸೀತಾ’ ಯಾರಿಗೂ ಬೇಡವಾಯಿತು. ನನಗೆ ಅದರ ಮೇಲೆ ಬಹಳ ಗೌರವ. ದಂಗೆಯಾಗಿ 15 ವರ್ಷಕ್ಕೇ ಅಂಥದ್ದನ್ನು ಬರೆಯಲು ಎದೆಗಾರಿಕೆ ಬೇಕು.

ಅಂತರ್ಜಾಲದ ಪ್ರತಿಯಲ್ಲಿ ಊರ ಹೆಸರು ಹುಡುಕುವಾಗ ‘ಪುರ’ಕ್ಕೆ ಇಂಗ್ಲಿಷಿನ ಜೋಡಿ ಓ (oo) ಹಾಕಿ ಶೋರಾಪೂರ್, ಬೀಜಾಪೂರ್ ಎಂದು ಹುಡುಕಿಸಿ. ಈಗಿನ ಕಾಗುಣಿತಕ್ಕೆ ಸಿಗುವುದಿಲ್ಲ. ಬೇಡರನ್ನು ‘ಬೇಡರ್ಸ್’ ಎಂದು ಬರೆದಿದ್ದಾನೆ, ಬೀದರ್ ಎಂದುಕೊಂಡಾರು.

ರಾಜನಕೋಳೂರಿನ ಕಲ್ಲುಗೋರಿಗಳ ಬಗ್ಗೆಯೂ ಬರೆದಿದ್ದಾನೆ. ಬೇಕಿದ್ದರೆ ಹೇಳಿ, ಆ ಪುಟಗಳನ್ನು ಕಳಿಸುತ್ತೇನೆ. ಕಾಕುಗೆ ನಮಸ್ಕಾರ ತಿಳಿಸಿ.

ನಿಮ್ಮ ಆಶೀರ್ವಾದ ಬೇಡುವ,
ಅಣ್ಣನ ಮಗಳು