ಬಜಪೆ ವಿಮಾನ ನಿಲ್ದಾಣದಲ್ಲಿ ಹೆಲಿಕಾಪ್ಟರ್ ಸಿದ್ಧವಿರಲಿ

ಮಾನ್ಯರೇ,

ಮೂವತ್ತು ವರ್ಷ ಮಲ್ಪೆಯಲ್ಲಿ ಬೋಟ್ ನಡೆಸಿದ ತಾಂಡೇಲ ನಾನು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ, ಕಾಪು ಕಡಲಿನ ಬಂಡೆಗಳಲ್ಲಿ ಸಿಲುಕಿದ ‘ಕೋರಮಂಡಲ್ ಸಪೋರ್ಟರ್’ ಟಗ್‌ನ (ಹಡಗು ಎಳೆಯುವ ದೋಣಿ) ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಪಾರು ಮಾಡಿದವು. ಕೆಲವರನ್ನು ಹೆಲಿಕಾಪ್ಟರ್ ಎತ್ತಿತು. ಆದರೆ ಅದು ಕೊಚ್ಚಿಯಿಂದ ಬರಬೇಕಾಯಿತು. ಅಲ್ಲಿಯವರೆಗೆ ಟಗ್‌ನಲ್ಲಿದ್ದವರು ರಾತ್ರಿ ಹೇಗೆ ಕಳೆದರೆಂದು ಕಡಲಿಗಿಳಿದವರಿಗೆ ಗೊತ್ತು.

2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಒಂದು ‘ಧ್ರುವ್’ ಹೆಲಿಕಾಪ್ಟರ್ ಬಿದ್ದ ಮೇಲೆ ಆ ಮಾದರಿಯ ಹೆಲಿಕಾಪ್ಟರ್‌ಗಳೆಲ್ಲ ತಿಂಗಳುಗಟ್ಟಲೆ ನೆಲ ಹಿಡಿದವು. ಒಂದೇ ಮಾದರಿಯನ್ನು ನಂಬಿ ಕೂರುವುದು ಒಂದೇ ಲಂಗರಿಗೆ ಬೋಟ್ ಕಟ್ಟಿದಂತೆ.

ಮಳೆಗಾಲದ ಮೀನುಗಾರಿಕೆ ರಜೆ 61 ದಿನ ಮಾತ್ರ; ಉಳಿದ ದಿನ ಬೋಟ್‌ಗಳು ಕಡಲಿಗಿಳಿಯುತ್ತವೆ. ಚಂಡಮಾರುತಕ್ಕೆ ರಜೆಯ ಲೆಕ್ಕವಿಲ್ಲ. ಮೇಯಿಂದ ಡಿಸೆಂಬರ್‌ವರೆಗಾದರೂ ಜನರನ್ನು ಮೇಲೆತ್ತುವ ವಿಂಚ್ ಇರುವ ಹೆಲಿಕಾಪ್ಟರ್, ತರಬೇತಿ ಪಡೆದ ಸಿಬ್ಬಂದಿಯೊಂದಿಗೆ ಬಜಪೆಯಲ್ಲಿ ಇರಲಿ.

– ಒಬ್ಬ ತಾಂಡೇಲ, ಮಲ್ಪೆ